ಚಿಕ್ಕಮಗಳೂರಿನ ಉಪಚುನಾವಣೆಯೂ ರಾಷ್ಟ್ರನಾಯಕರ ಬಹಿರಂಗವಚನಗಳ ಕನ್ನಡವೂ

ರಾಷ್ಟ್ರನಾಯಕರು ರಾಜ್ಯನೀತಿಯನ್ನು ಕುರಿತು ಜನರ ಮುಂದೆ ಆಡುವ ಮಾತುಗಳನ್ನು ಚರಿತ್ರಕಾರರು ತಮ್ಮ ಸಾಮಗ್ರಿಯೆಂದು ಎಣಿಸುವರು. ಸಾಹಿತ್ಯಾಭ್ಯಾಸಿಗಳಾದರೋ ಅವನ್ನು ತಮ್ಮ ಕ್ಷೇತ್ರಕ್ಕೆ ಹೊರಗಾದವೆಂದು ಬದಿಗಿಡುವುದು ವಾಡಿಕೆ. ನಾಯಕರೂ ಜನರೂ ಒಂದೇ ಭಾಷೆಯನ್ನಾಡುವ ದೇಶಗಳಲ್ಲಿ ಈ ವಿಭಾಗವು ಸಾಗಬಹುದು. ಭಾರತದಲ್ಲಿ ಅದು ಸಾಗಲಾರದು. ಇಲ್ಲಿ ದೇಶದ ನಾಯಕರು ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಆಡಿದ ಮಾತು ಭಾಷಾಂತರಕಾರನ ಬಾಯಿಂದ, ವೃತ್ತಪತ್ರಿಕೆಯ ಉಪಸಂಪಾದಕನ ಲೇಖನಿಯಿಂದ, ಆಕಾಶವಾಣಿಯ ವಾರ್ತಾವಾಚಕನ ಕಂಠದಿಂದ ಕನ್ನಡವಾಗಿ ಬಂದು ಜನರನ್ನು ಮುಟ್ಟುವುದು. ಜನರು ಒಪ್ಪಿದ್ದೂ ಅಲ್ಲಗಳೆದದ್ದೂ ಈ ಕನ್ನಡವನ್ನೇ ಹೊರತು ಮೂಲವಚನವನ್ನಲ್ಲ. ಹೀಗಿರಲು ಆ ಕನ್ನಡದ ಸ್ವರೂಪವೆಂತಹದು ಎಂಬ ವಿಚಾರವು ಭಾಷಾಶಾಸ್ತ್ರಕ್ಕೂ ಸಾಹಿತ್ಯಬೋಧಕರಿಗೂ ಸಂಬಂಧಪಟ್ಟದ್ದೇ ಸರಿ.

ಈ ವಿಚಾರಕ್ಕೆ ಕರ್ಣಾಟಕದಲ್ಲಿ ದೊರೆಯುವ ಉದಾಹರಣೆಗಳಲ್ಲಿ ೧೯೭೮ನೆಯ ಇಸವಿ ನವೆಂಬರ್ ೫ರಂದು ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದಲ್ಲಿ ನಡೆದ ಉಪಚುನಾವಣೆಗಿಂತ ಪ್ರಸಿದ್ಧವಾದುದು ಇನ್ನೊಂದಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಮೂರು ತಾಲ್ಲೂಕುಗಳೂ, ಅವುಗಳ ನಡುವೆ ಭದ್ರಾನದಿಯ ದಡದಲ್ಲಿರುವ ಬಾಳೆಹೊನ್ನೂರೂ ಆ ಕ್ಷೇತ್ರಕ್ಕೆ ಸೇರಿದ್ದವು. ಮಾಜಿ ಪ್ರಧಾನಮಂತ್ರಿಗಳಾದ ಶ್ರೀಮತಿ ಇಂದಿರಾ ಗಾಂಧಿಯವರು ಅಲ್ಲಿ ಉಮೇದುವಾರರಾಗಿ ನಿಂತು, ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು ೭೭,೦೦೦ಕ್ಕೂ ಹೆಚ್ಚು ಮತಗಳಿಂದ ಸೋಲಿಸಿ ಲೋಕಸಭೆಗೆ ಹಿಂದಿರುಗಿದರು. ಉಪಚುನಾವಣೆಯ ರಾಜಕೀಯ ವೃತ್ತಾಂತವು ಅನೇಕ ಗ್ರಂಥಗಳಲ್ಲಿ ಬಂದಿದೆ. ಆಗ ಆಡಲ್ಪಟ್ಟ ಮಾತು ಎಂತಹ ಕನ್ನಡವಾಗಿ ಮಲೆನಾಡಿಗೆ ಇಳಿಯಿತು ಎಂಬುದೇ ಇಲ್ಲಿ ಪ್ರಕೃತ.

ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬಹುದು. ೧೯೭೫ರ ಜೂನ್ ೨೫ರಂದು ಘೋಷಿತವಾದ ತುರ್ತುಪರಿಸ್ಥಿತಿಯು ೧೯೭೭ರ ಮಾರ್ಚ್ ೨೧ರವರೆಗೆ ನಡೆಯಿತು. ಆ ಮಾರ್ಚಿ ತಿಂಗಳ ಚುನಾವಣೆಯಲ್ಲಿ ಕಾಂಗ್ರೆಸ್ಸು ಉತ್ತರದೇಶದಲ್ಲಿ ನೆಲಕಚ್ಚಿತು. ಪ್ರಧಾನಿಗಳು ರಾಯಬರೇಲಿಯಲ್ಲಿ ತಾವೇ ಸೋತರು. ಕರ್ಣಾಟಕದಲ್ಲಾದರೋ ಅದೇ ಪಕ್ಷಕ್ಕೆ ೨೮ ಸ್ಥಾನಗಳಲ್ಲಿ ೨೬ ದೊರೆತವು. ೧೯೭೮ರ ಜನವರಿಯಲ್ಲಿ ಪಕ್ಷವು ಒಡೆದು, ಫೆಬ್ರವರಿಯ ವಿಧಾನಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ಸೇ ಜಯಿಸಿ, ದೇವರಾಜ ಅರಸರು ಪುನಃ ಮುಖ್ಯಮಂತ್ರಿಗಳಾದರು. ಚಿಕ್ಕಮಗಳೂರಿನ ಸದಸ್ಯರಾಗಿದ್ದ ಡಿ. ಬಿ. ಚಂದ್ರೇಗೌಡರು ತಮ್ಮ ಸ್ಥಾನವನ್ನು ತೆರವು ಮಾಡಿದರು. ಹೀಗೆ ಘಟ್ಟದ ಕಾಡಿನ ನಡುವಣ ಒಂದು ಕ್ಷೇತ್ರವು ಕೆಲವು ವಾರಗಳ ಮಟ್ಟಿಗೆ ದೇಶದ, ವಿದೇಶದ ಪತ್ರಿಕಾಕರ್ತರ ಯಾತ್ರಾಸ್ಥಳವಾಯಿತು. ನವೆಂಬರ್ ಮೊದಲಲ್ಲಿ ಮಳೆ ಹಿಂದೆಗೆದು, ಗದ್ದೆಯಲ್ಲಿ ಭತ್ತ ಬಲಿತು, ಅಡಕೆಯ ಕೊನೆಯೂ ಕಾಫಿಯ ಹಣ್ಣೂ ಕೊಯ್ಲಿಗೆ ಬರುವ ಸಮಯ. ಮಲೆನಾಡಿಗನು ಸಭೆಗೆ ಹೋಗಿ ಕೂರಲು ಮನಸ್ಸು ಮಾಡುವ ಕಾಲ ಅದಲ್ಲ. ಆದರೂ ಸಭೆಗಳು ನೆರೆದವು.

ಉಮೇದುವಾರರಿಗೆ ಕನ್ನಡ ಬಾರದು. ಎದುರುಪಕ್ಷದ ಪ್ರಚಾರದ ಮುಂದಾಳುಗಳಾಗಿದ್ದ ಕೇಂದ್ರಮಂತ್ರಿ ಜಾರ್ಜ್ ಫರ್ನಾಂಡಿಸರಾದರೋ ಮಂಗಳೂರಿನಲ್ಲಿ ಹುಟ್ಟಿದವರು; ವೀರೇಂದ್ರ ಪಾಟೀಲರು ೧೯೬೮ರಿಂದ ೧೯೭೧ರವರೆಗೆ ಈ ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು. ಅಂದಮೇಲೆ ಜನರ ಭಾಷೆಯನ್ನು ಬಲ್ಲವರು ಒಂದು ಕಡೆ, ಬಲ್ಲದವರು ಇನ್ನೊಂದು ಕಡೆ, ಗೆಲುವು ಬಲ್ಲದವರದಾಯಿತು. ವಾಗ್ಮಿತೆಯೇ ಮತವನ್ನು ತರುವುದೆಂದು ಅಲಂಕಾರಶಾಸ್ತ್ರದ ಬಲದಿಂದ ವಾದಿಸುವವರು ಈ ಒಂದು ನಿದರ್ಶನವನ್ನು ಸ್ವಲ್ಪ ಪರ್ಯಾಲೋಚಿಸಬೇಕು. ವಾಸ್ತವವೇನೆಂದರೆ, ಶ್ರೀಮತಿ ಗಾಂಧಿಯವರ ಮಾತು ಆ ಚುನಾವಣೆಯಲ್ಲಿ ಮೊದಲಬಾರಿಗೆ ಬಾಳೆಹೊನ್ನೂರಿಗೆ ಬಂದದ್ದಲ್ಲ. ಅದು ಹತ್ತು ವರ್ಷಗಳಿಂದ ಕನ್ನಡದ ಪದಗಳಾಗಿ ಬಂದು, ಅಲ್ಲಿನ ವ್ಯವಹಾರದಲ್ಲಿ ನೆಲೆಯೂರಿತ್ತು. ವೇದಿಕೆಯ ಮೇಲೆ ಅಂದು ಆಡಿದ್ದು ಜನರಿಗೆ ಪೂರ್ವಪರಿಚಿತವಾದುದರ ಅನುವಾದ ಮಾತ್ರ.

ಆ ಪದಗಳು ಬಂದ ದಾರಿಯನ್ನು ಕೊಂಚ ನೋಡಬೇಕು. ೧೯೬೯ರ ಜುಲೈಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನವು ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಸೇರಿತು. ಅಲ್ಲಿಗೆ ಪ್ರಧಾನಿಗಳು ಆರ್ಥಿಕನೀತಿಯನ್ನು ಕುರಿತು ಒಂದು ಟಿಪ್ಪಣಿಯನ್ನು ಕಳುಹಿಸಿದರು. ಅದನ್ನು ಅವರೇ ಬಿಡಿ ಆಲೋಚನೆಗಳೆಂದು ಕರೆದಿದ್ದರು. ಪಕ್ಷದ ಅಧ್ಯಕ್ಷರು ಎಸ್. ನಿಜಲಿಂಗಪ್ಪನವರು, ಆತಿಥ್ಯ ವಹಿಸಿದ ರಾಜ್ಯದ ಮುಖ್ಯಮಂತ್ರಿಗಳು ವೀರೇಂದ್ರ ಪಾಟೀಲರು. ಅಧಿವೇಶನ ಮುಗಿದ ವಾರದೊಳಗೆ, ಜುಲೈ ೧೯ರಂದು, ೧೪ ದೊಡ್ಡ ಬ್ಯಾಂಕುಗಳ ರಾಷ್ಟ್ರೀಕರಣವಾಯಿತೆಂದು ಪ್ರಧಾನಿಗಳು ಆಕಾಶವಾಣಿಯಲ್ಲಿ ಸಾರಿದರು. ಅವುಗಳಲ್ಲಿ ಕೆನರಾ ಬ್ಯಾಂಕು, ಸಿಂಡಿಕೇಟ್ ಬ್ಯಾಂಕು ಎರಡೂ ಘಟ್ಟದ ಕೆಳಗಿನ ಮಂಗಳೂರು ಉಡುಪಿಗಳಲ್ಲಿ ಹುಟ್ಟಿದಂಥವು. ಅದೇ ವರ್ಷ ನವೆಂಬರಿನಲ್ಲಿ ಪಕ್ಷವು ಇಬ್ಭಾಗವಾಗಲು, ನಿಜಲಿಂಗಪ್ಪನವರ ಕಡೆ ನಿಂತ ವೀರೇಂದ್ರ ಪಾಟೀಲರು ಒಂಬತ್ತು ವರ್ಷಗಳ ತರುವಾಯ ಚಿಕ್ಕಮಗಳೂರಿನಲ್ಲಿ ಎದುರಾಳಿಗಳಾದರು. ೧೯೭೮ರ ವಾಗ್ವಾದವು ಅನೇಕಾಂಶಗಳಲ್ಲಿ ಗಾಜಿನ ಮನೆಯ ವಾಗ್ವಾದದ ಉತ್ತರಭಾಗವೆಂದರೆ ತಪ್ಪಾಗದು.

ಆಕಾಶವಾಣಿ ಎಂಬ ಹೆಸರೇ ೧೯೩೫ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ನಡೆಸಿದ ಬಾನುಲಿ ಕೇಂದ್ರದಿಂದ ದೇಶಕ್ಕೆಲ್ಲ ಹರಡಿದುದು. ೧೯೬೫ರಲ್ಲಿ ಭದ್ರಾವತಿಯಲ್ಲಿ ಕೇಂದ್ರವಾದ ಮೇಲೆ ಮಲೆನಾಡಿನ ಒಂಟಿಮನೆಗಳಿಗೂ ಅದರ ಧ್ವನಿ ಮುಟ್ಟುವಂತಾಯಿತು. ಮನೆಯಿಂದ ಮನೆಗೆ ಮೈಲಿ ದೂರವಿರುವ ಈ ಸೀಮೆಯಲ್ಲಿ, ಮಳೆಗಾಲದಲ್ಲಿ ವೃತ್ತಪತ್ರಿಕೆಯು ಒಂದು ದಿನವೋ ಎರಡು ದಿನವೋ ತಡವಾಗಿ ಬರುವಲ್ಲಿ, ರೇಡಿಯೋ ವಾರ್ತೆಗೆ ಇದ್ದ ಪ್ರಾಮಾಣ್ಯವನ್ನು ಬಯಲುಸೀಮೆಯವರು ಸುಲಭವಾಗಿ ಊಹಿಸಲಾರರು. ವಾರ್ತೆಯ ಕನ್ನಡವು ಸಂಸ್ಕೃತಭೂಯಿಷ್ಠವಾದುದು; ಒಕ್ಕಲಿನವನು ಕೇಳಿದ ಆ ಕನ್ನಡಕ್ಕೂ ಅವನು ಆಡುವ ಕನ್ನಡಕ್ಕೂ ನಡುವೆ ಇರುವ ಅಂತರವು, ಕುವೆಂಪುರವರ ಕಾದಂಬರಿಗಳ ಪಾತ್ರಗಳ ಮಾತನ್ನು ಬಲ್ಲ ವಾಚಕರಿಗೆ ವಿವರಿಸಬೇಕಾದುದಿಲ್ಲ.

ಮೊದಲು ‘ಗರೀಬಿ ಹಟಾವೋ’ ಎಂಬ ಘೋಷವಾಕ್ಯವನ್ನು ಪರಿಶೀಲಿಸಬಹುದು. ೧೯೭೧ರ ಚುನಾವಣೆಯಲ್ಲಿ ಎದುರಾಳಿಗಳು ಇಂದಿರೆಯನ್ನು ತೊಲಗಿಸಿ ಎನ್ನಲು, ಅದಕ್ಕೆ ಪ್ರತಿಯಾಗಿ ಬಡತನವನ್ನು ತೊಲಗಿಸಿ ಎಂದು ಹುಟ್ಟಿದ ವಾಕ್ಯವಿದು. ಹಿಂದಿಯಲ್ಲಿ ‘ಹಟಾವೋ’ ಎಂಬುದು ವಿಧ್ಯರ್ಥಕ ಕ್ರಿಯಾಪದ, ಮಧ್ಯಮಪುರುಷ ಬಹುವಚನ. ಯಾರಿಗೋ ಅಪ್ಪಣೆ ಕೊಟ್ಟಂತಿದೆ. ಯಾರಿಗೆಂಬುದು ಕೇಳುವವನ ಊಹೆಗೆ ಬಿಟ್ಟದ್ದು. ಕನ್ನಡದ ಪತ್ರಿಕೆಗಳಲ್ಲಿಯೂ ಸರಕಾರದ ಕಾಗದಗಳಲ್ಲಿಯೂ ಅದು ‘ಬಡತನ ನಿರ್ಮೂಲನ’ವಾಯಿತು. ಕ್ರಿಯಾಪದವು ಹೋಗಿ ಭಾವನಾಮವಾದೊಡನೆ ವಾಕ್ಯದ ಜೀವವೇ ಬೇರೆಯಾಯಿತು. ಮೊದಲನೆಯದು ಕೂಗು, ಎರಡನೆಯದು ಕಚೇರಿಯ ಕಡತದ ಶಿರೋನಾಮೆ. ಕರ್ತೃವಿಲ್ಲದ, ಕಾಲವಿಲ್ಲದ ನಾಮಪದವು ಯಾರನ್ನೂ ಕಟ್ಟಿಹಾಕುವುದಿಲ್ಲ. ಆದರೂ ಜನಸಾಮಾನ್ಯರು ಬಳಸಿದ್ದು ಈ ಭಾಷಾಂತರವನ್ನಲ್ಲ, ಹಿಂದಿಯ ಮೂಲವನ್ನೇ. ಅರ್ಥವನ್ನು ವಿವರವಾಗಿ ತಿಳಿಯದಿದ್ದರೂ ಕೂಗಿನ ಓಟವನ್ನು ಅವರು ತಿಳಿದರು. ಭಾಷಾಂತರವು ಸರಿಯಾಗಿದ್ದೂ ಸೋಲುವುದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

‘ತುರ್ತುಪರಿಸ್ಥಿತಿ’ಯ ಕಥೆ ಇದಕ್ಕೆ ವಿಲೋಮವಾದುದು. ತುರ್ತು ಎಂಬುದು ಸಂಸ್ಕೃತದ ತ್ವರಿತಶಬ್ದಕ್ಕೆ ಬಂಧುವಾಗಿ ಕನ್ನಡದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮಾತು. ತುರ್ತು ಕೆಲಸ, ತುರ್ತು ಪತ್ರ ಎಂಬಲ್ಲಿ ಅವಸರದ ಅರ್ಥವಿದೆಯೇ ಹೊರತು ಭಯದ ಅರ್ಥವಿಲ್ಲ. ರಾಜ್ಯಾಂಗದ ೩೫೨ನೆಯ ವಿಧಿಯ ಪ್ರಕಾರ ಪ್ರಜೆಗಳ ಮೂಲಭೂತ ಹಕ್ಕುಗಳನ್ನು ತಡೆಹಿಡಿಯುವ ಘೋಷಣೆಗೆ ಈ ಪದವನ್ನು ಹೊಂದಿಸಿದವರು ವಂಚಕಬುದ್ಧಿಯಿಂದ ಹಾಗೆ ಮಾಡಿದರೆಂದು ಹೇಳಲಾಗದು. ಬೇರೆ ಪದವು ಕೈಗೆ ಸಿಕ್ಕಲಿಲ್ಲ. ಆದರೆ ಪರಿಣಾಮವೇನಾಯಿತೆಂದರೆ, ವಿಚಾರಣೆಯಿಲ್ಲದೆ ಸೆರೆಮನೆಗೆ ಹಾಕುವುದೂ, ಪತ್ರಿಕೆಗಳ ಮೇಲಣ ಪೂರ್ವಪರೀಕ್ಷಣವೂ ಒಂದು ಮನೆವಾರ್ತೆಯ ಮಾತಿನ ಮುಸುಕಿನಲ್ಲಿ ಬಂದವು. ಜನರು ಈ ಪದವನ್ನು ಒಪ್ಪಲಿಲ್ಲವೆಂಬುದಕ್ಕೆ ಸಾಕ್ಷಿ ಬಳಕೆಯೇ: ಮಲೆನಾಡಿನ ಮುದುಕರು ಇಂದಿಗೂ ಹೇಳುವುದು ‘ಎಮರ್ಜೆನ್ಸಿ ಕಾಲ’ವೆಂದು. ಪರಭಾಷೆಯ ಶಬ್ದವು ಒಮ್ಮೊಮ್ಮೆ ದೇಶೀಯ ಶಬ್ದಕ್ಕಿಂತ ಪ್ರಾಮಾಣಿಕವಾಗಿರುವುದೆಂಬುದು ಶುದ್ಧ ಕನ್ನಡದ ಅಭಿಮಾನಿಗಳಿಗೆ ರುಚಿಸದಿದ್ದರೂ ಸತ್ಯ.

ಇನ್ನು ಈ ಪ್ರಾಂತದ ಪಾಲಿಗೆ ಅತ್ಯಂತ ಗುರುತರವಾದ ವಿಷಯವಾದ ಭೂಮಿಗೆ ಬರಬೇಕು. ೧೯೭೫ರ ಜುಲೈ ೧ರಂದು ಪ್ರಧಾನಿಗಳು ಆಕಾಶವಾಣಿಯಲ್ಲಿ ಸಾರಿದ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲಿ ಭೂಮಿತಿಯ ಆಚರಣೆ, ನಿವೇಶನಗಳ ಹಂಚಿಕೆ, ಜೀತದ ನಿವಾರಣೆ, ಗ್ರಾಮೀಣ ಋಣಗಳ ಪರಿಹಾರ, ವ್ಯವಸಾಯದ ಕೂಲಿಗಾರರ ಕನಿಷ್ಠ ವೇತನ ಮೊದಲಾದುವು ಸೇರಿದ್ದವು. ಆದರೆ ಭೂಮಿಯು ರಾಜ್ಯಾಂಗದಲ್ಲಿ ರಾಜ್ಯಗಳ ಪಟ್ಟಿಗೆ ಸೇರಿದ ವಿಷಯ. ಕರ್ಣಾಟಕದ ಭೂಸುಧಾರಣಾ ಶಾಸನವು ೧೯೬೧ರದು. ಅದನ್ನು ತೀಕ್ಷ್ಣಗೊಳಿಸಿದ ತಿದ್ದುಪಡಿಯು ೧೯೭೪ರ ಮಾರ್ಚ್ ೧ರಿಂದಲೇ ಜಾರಿಗೆ ಬಂದಿತ್ತು. ಎಂದರೆ ಪ್ರಧಾನಿಗಳ ಘೋಷಣೆಗೆ ಮೊದಲೇ ದೇವರಾಜ ಅರಸರ ಸರಕಾರವು ಕಾರ್ಯವನ್ನು ಆರಂಭಿಸಿತ್ತು. ಆದರೂ ಗೇಣಿದಾರನ ಮನಸ್ಸಿನಲ್ಲಿ ಎರಡೂ ಬೆರೆತುಹೋದವು. ದೆಹಲಿಯ ವಚನವನ್ನು ಬೆಂಗಳೂರಿನ ಶಾಸನವು ನಡೆಸಿಕೊಟ್ಟಿತೆಂದು ಅವನು ತಿಳಿದನು. ಕಾಲಗಣನೆಯಲ್ಲಿ ಇದು ತಪ್ಪು. ರಾಜಕೀಯದಲ್ಲಿ ಇದರ ಫಲವು ಸಣ್ಣದಲ್ಲ.

ಈ ಶಾಸನದ ಹಿಂದೆ ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ೧೯೫೧ರಲ್ಲಿ ನಡೆದ ರೈತಸತ್ಯಾಗ್ರಹವಿತ್ತು. ಉಳುವವನೇ ನೆಲದ ಒಡೆಯನೆಂಬ ಮಾತು ಮಲೆನಾಡಿಗೆ ಹೊಸದಾಗಿರಲಿಲ್ಲ. ಈ ವಾಕ್ಯದಲ್ಲಿ ಸಂಸ್ಕೃತವೂ ಇಲ್ಲ, ಹಿಂದಿಯೂ ಇಲ್ಲ. ಮೂರು ಹಳೆಯ ಕನ್ನಡ ಶಬ್ದಗಳಿಂದ ಕಟ್ಟಿದ್ದು. ‘ಒಡೆಯ’ ಎಂಬ ಪದವನ್ನು ಶತಮಾನಗಳಿಂದ ಯಾರ ಮುಂದೆ ತಲೆಬಾಗಿ ಆಡುತ್ತಿದ್ದರೋ ಅವರಿಂದ ತೆಗೆದು ಆಡುವವನಿಗೇ ಕೊಟ್ಟದ್ದು ಅದರ ಬಲ. ಆದರೆ ಮಲೆನಾಡಿನಲ್ಲಿ ಇದನ್ನು ಅಕ್ಷರಶಃ ಹೊಂದಿಸಹೊರಟರೆ ಒಂದು ತೊಡಕು ಕಾಣುವುದು. ಉಳುವುದು ಗದ್ದೆಯನ್ನು. ಅಡಕೆಯ ತೋಟವನ್ನು ಉಳುವುದಿಲ್ಲ. ಅಲ್ಲಿ ಕಪ್ಪು ತೆಗೆದು, ಸೊಪ್ಪು ಹೊತ್ತು, ಕೊಟ್ಟೆ ಕಟ್ಟಿ ಸಾಕುವುದು. ಕಾಫಿಯ ತೋಟವನ್ನೂ ಉಳುವುದಿಲ್ಲ. ಶಾಸನವು ಅಡಕೆಯ ತೋಟದ ಗೇಣಿಯನ್ನು ತನ್ನ ವ್ಯಾಪ್ತಿಗೆ ತೆಗೆದುಕೊಂಡಿತು. ಕಾಫಿ, ಏಲಕ್ಕಿ, ಮೆಣಸು, ರಬ್ಬರು, ಚಹಾ ಮೊದಲಾದ ಪ್ಲಾಂಟೇಷನ್ ಬೆಳೆಗಳ ನೆಲವನ್ನು ಮಿತಿಯ ಹೊರಗಿರಿಸಿತು. ಆದಕಾರಣ ಬಾಳೆಹೊನ್ನೂರಿನ ಸುತ್ತಿನಲ್ಲಿ ಒಂದೇ ವಾಕ್ಯವು ಗುಡ್ಡದ ಕೆಳಗೆ ಸತ್ಯವಾಗಿಯೂ ಗುಡ್ಡದ ಮೇಲೆ ನಿರರ್ಥಕವಾಗಿಯೂ ಇತ್ತು. ಗದ್ದೆಯ ಗೇಣಿದಾರನು ಭೂನ್ಯಾಯಮಂಡಳಿಗೆ ಏಳನೆಯ ನಮೂನೆಯ ಅರ್ಜಿ ಕೊಟ್ಟು ಒಡೆಯನಾಗಬಹುದಾಗಿತ್ತು. ಊರವರ ಮಾತಿನಲ್ಲಿ ಅದು ‘ಡಿಕ್ಲರೇಷನ್ ಹಾಕುವುದು’. ಎಸ್ಟೇಟಿನ ಲೈನಿನಲ್ಲಿ ವಾಸಿಸುವ ಕೂಲಿಗಾರನಿಗೆ ಹಾಕಲು ಡಿಕ್ಲರೇಷನ್ನೂ ಇರಲಿಲ್ಲ, ಒಡೆಯನಾಗುವ ದಾರಿಯೂ ಇರಲಿಲ್ಲ. ಅವನಿಗೆ ಮುಟ್ಟಬಹುದಾದದ್ದು ಕನಿಷ್ಠ ವೇತನ, ನಿವೇಶನ ಎಂಬ ಮಾತುಗಳು. ಒಂದೇ ಭಾಷಣವನ್ನು ಒಂದೇ ಮೈದಾನದಲ್ಲಿ ನಿಂತು ಕೇಳಿದ ಇಬ್ಬರು ಎರಡು ಭಾಷಣಗಳನ್ನು ಕೇಳಿ ಮನೆಗೆ ಹೋದರೆಂದರೆ ಅತ್ಯುಕ್ತಿಯಲ್ಲ.

ಕೂಲಿಗಾರರ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಎಸ್ಟೇಟುಗಳ ಲೈನುಗಳಲ್ಲಿ ತಮಿಳರೂ ತುಳುವರೂ ಬಹುಮಂದಿ. ನರಸಿಂಹರಾಜಪುರದ ಕಡೆ ಮಲೆಯಾಳದಿಂದ ಬಂದು ನೆಲಸಿದವರೂ ಉಂಟು. ಪೇಟೆಗಳಲ್ಲಿ ಕೊಂಕಣಿ, ಬ್ಯಾರಿ, ಉರ್ದು ಭಾಷೆಗಳು. ಇವರಿಗೆ ವೇದಿಕೆಯ ಕನ್ನಡವೇ ಎರಡನೆಯ ಭಾಷೆ. ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿದುದನ್ನು ಅವರು ತಮ್ಮ ಮನಸ್ಸಿನೊಳಗೆ ಮತ್ತೊಮ್ಮೆ ಇಳಿಸಿಕೊಳ್ಳಬೇಕು.

ಕಾಫಿಯ ಬೆಳೆಗಾರರು ಕಿವಿಗೊಟ್ಟದ್ದು ಬೇರೆ ಮಾತಿಗೆ. ಬಾಳೆಹೊನ್ನೂರಿನ ಬಳಿ ೧೯೨೫ರಲ್ಲಿ ಸ್ಥಾಪಿತವಾದ ಕಾಫಿ ಪ್ರಯೋಗಕೇಂದ್ರವು ಈಗ ಕಾಫಿ ಮಂಡಳಿಯ ಕೇಂದ್ರೀಯ ಸಂಶೋಧನಾಲಯವಾಗಿದೆ. ೧೯೪೨ರ ಕಾಫಿ ಶಾಸನದ ಪ್ರಕಾರ ಬೆಳೆಗಾರನು ತನ್ನ ಬೆಳೆಯನ್ನು ಮಂಡಳಿಯ ಪೂಲಿಗೆ ಒಪ್ಪಿಸಿ, ಕಂತು ಕಂತಾಗಿ ಹಣ ಪಡೆಯುವ ಕ್ರಮವು ೧೯೭೮ರಲ್ಲಿ ನಡೆಯುತ್ತಿತ್ತು. ೧೯೯೦ರ ದಶಕದಲ್ಲಿ ಅದು ನಿಂತಿತು. ೧೯೭೫ರ ಜುಲೈಯಲ್ಲಿ ಬ್ರೆಜಿಲಿನ ತೋಟಗಳು ಹಿಮದಿಂದ ಸುಟ್ಟುಹೋದ ಕಾರಣ ಲೋಕದ ಮಾರುಕಟ್ಟೆಯಲ್ಲಿ ಕಾಫಿಯ ಬೆಲೆ ಏರಿ, ೧೯೭೭ರಲ್ಲಿ ಶಿಖರಕ್ಕೆ ಮುಟ್ಟಿ ಮತ್ತೆ ಇಳಿಯಿತು. ಬೆಲೆ, ಸುಂಕ, ರಫ್ತು ಇವೆಲ್ಲ ದೆಹಲಿಯ ವಶ. ಗದ್ದೆಯವನಿಗೆ ‘ಸರಕಾರ’ವೆಂದರೆ ತಾಲ್ಲೂಕು ಕಚೇರಿ, ಬೆಂಗಳೂರು, ಕಾಫಿಯವನಿಗೆ ‘ಸರಕಾರ’ವೆಂದರೆ ಮಂಡಳಿ, ದೆಹಲಿ.

ಈ ದ್ವಂದ್ವವು ಆ ಉಪಚುನಾವಣೆಯ ವಾಗ್ವಾದದ ತಿರುಳನ್ನೇ ಮುಟ್ಟುವುದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುವುದು ಯುಕ್ತ. ಶ್ರೀಮತಿ ಗಾಂಧಿಯವರು ಆಗ ದೆಹಲಿಯ ಸರಕಾರಕ್ಕೆ ವಿರೋಧಿಗಳು. ಬೆಂಗಳೂರಿನ ಸರಕಾರವು ಅವರ ಪಕ್ಷದ್ದು. ಬೆಲೆಯೇರಿಕೆ, ಹರಿಜನರ ಮೇಲಿನ ದೌರ್ಜನ್ಯ, ಜನತಾ ನಾಯಕರ ಅಂತಃಕಲಹ ಇವು ಆ ವರ್ಷಗಳಲ್ಲಿ ಅವರು ದೇಶದೆಲ್ಲೆಡೆ ಕೇಂದ್ರ ಸರಕಾರದ ಮೇಲೆ ಹೊರಿಸುತ್ತಿದ್ದ ದೋಷಗಳು. ಎದುರುಪಕ್ಷದವರಿಗೆ ತುರ್ತುಪರಿಸ್ಥಿತಿಯ ಅತಿರೇಕಗಳೂ, ಅವುಗಳನ್ನು ಕುರಿತು ನ್ಯಾಯಮೂರ್ತಿ ಷಾ ಆಯೋಗವು ಅದೇ ವರ್ಷ ಒಪ್ಪಿಸಿದ ವರದಿಗಳೂ ಆಯುಧ. ಅವರೊಳಗೆ ಕೇಂದ್ರಮಂತ್ರಿಗಳಿದ್ದುದರಿಂದ ದೆಹಲಿಯ ಸರಕಾರವನ್ನು ಸಮರ್ಥಿಸಿ ಬೆಂಗಳೂರಿನದನ್ನು ಆಕ್ಷೇಪಿಸುವ ಭಾರ ಅವರದು. ಹೀಗಾಗಿ ‘ಸರಕಾರವು ಬಡವರಿಗೆ ಏನು ಮಾಡಿತು?’ ಎಂಬ ಪ್ರಶ್ನೆಯನ್ನು ಎರಡು ಪಕ್ಷದವರೂ ಒಂದೇ ಶಬ್ದಗಳಲ್ಲಿ ಕೇಳಬಹುದಾಗಿತ್ತು, ವಿರುದ್ಧವಾದ ಎರಡು ಉತ್ತರಗಳನ್ನು ನಿರೀಕ್ಷಿಸಿ. ಕನ್ನಡದಲ್ಲಿ ಎರಡಕ್ಕೂ ‘ಸರಕಾರ’ವೆಂಬ ಒಂದೇ ಪಾರಸೀ ಪದವಿರುವುದರಿಂದ ಶ್ರೋತೃವು ತನಗೆ ಹತ್ತಿರವಾದ ಸರಕಾರವನ್ನೇ ಗ್ರಹಿಸಿದನು. ಹತ್ತಿರದ ಸರಕಾರವು ಆಗತಾನೇ ನೆಲ ಕೊಡುತ್ತಿತ್ತು. ಮತಗಳ ಅಂತರಕ್ಕೆ ಕಾರಣಗಳು ಅನೇಕವಿರಬಹುದು. ಇದನ್ನು ಅವುಗಳೊಳಗೆ ಮುಖ್ಯವೆಂದು ಎಣಿಸುವುದು ನ್ಯಾಯ. ಷಾ ಆಯೋಗದ ಮಾತು ಆ ಕಿವಿಗಳಿಗೆ ದೂರದ ದೇಶದ ಸುದ್ದಿಯಾಗಿತ್ತು. ದೆಹಲಿಯ ತುರ್ಕ್‌ಮನ್ ದ್ವಾರದ ಬಳಿ ನಡೆದದ್ದು ಸುಳ್ಳಾಗಿರಲಿಲ್ಲ, ಸಣ್ಣದೂ ಆಗಿರಲಿಲ್ಲ. ಆದರೆ ಅದನ್ನು ಬಾಳೆಹೊನ್ನೂರಿನ ಅನುಭವಕ್ಕೆ ಹತ್ತಿಸುವ ಕನ್ನಡವು ಹೇಳುವವರಿಗೆ ದೊರೆಯಲಿಲ್ಲ.

ದೊರೆತ ಭಾಷೆಯೂ ಒಮ್ಮೊಮ್ಮೆ ತಿರುಗಿಬಿದ್ದಿತು. ಹೆಡೆಯೆತ್ತಿದ ಸರ್ಪದ ಚಿತ್ರವನ್ನು ಬರೆದು, ಎಚ್ಚರಿಕೆಯಿಂದಿರಬೇಕೆಂದು ಸಾರುವ ಭಿತ್ತಿಪತ್ರಗಳನ್ನು ಇಂದಿರಾ ಗಾಂಧಿಯವರ ವಿರುದ್ಧ ಹಚ್ಚಲಾಗಿತ್ತು. ಪಟ್ಟಣದ ಪ್ರಚಾರಕನಿಗೆ ಸರ್ಪವು ವಿಷದ ಸಂಕೇತ. ತೋಟದ ಮೂಲೆಯಲ್ಲಿ ನಾಗರಕಲ್ಲಿಗೆ ಹಾಲೆರೆಯುವವನಿಗೆ ಅದು ಕೈಮುಗಿಯುವ ವಸ್ತು. ಉತ್ತರದಿಂದ ಬಂದ ಇನ್ನೊಂದು ಹಿಂದಿ ಘೋಷಣೆಯು ಒಂದು ಸಿಂಹಿಣಿಯನ್ನೂ ನೂರು ಲಂಗೂರಗಳನ್ನೂ ಎದುರುಬದುರು ನಿಲ್ಲಿಸಿ, ಲಂಗೂರಕ್ಕೆ ಚಿಕ್ಕಮಗಳೂರಿನೊಡನೆ ಪ್ರಾಸ ಹೊಂದಿಸಿತು. ಪ್ರಾಸವು ದೇಶದಲ್ಲೆಲ್ಲ ಪ್ರಸಿದ್ಧವಾಯಿತು; ಚಿಕ್ಕಮಗಳ ಊರೆಂಬ ಸ್ಥಳೀಯ ಐತಿಹ್ಯವು ಮಾತ್ರ ಆ ಪ್ರಾಸದಲ್ಲಿ ಉಳಿಯಲಿಲ್ಲ. ಹಿಂದಿಯವರು ‘ಚಿಕ್‌ಮಗಳೂರ್’ ಎಂದು ಒಡೆದು ಉಚ್ಚರಿಸಿದ ರೂಪವೇ ಪ್ರಾಸಕ್ಕೆ ಅನುಕೂಲ.

ಈಗ ಆಕರಗಳ ವಿಚಾರ. ಇದು ಸಂಶೋಧಕರಿಗೆ ನಿಜವಾಗಿ ನಷ್ಟವಾದ ಸ್ಥಳ. ೧೯೨೭ರಲ್ಲಿ ಮಹಾತ್ಮಾ ಗಾಂಧಿಯವರು ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ವಿಶ್ರಮಿಸಿ, ಮೈಸೂರು ಸಂಸ್ಥಾನದಲ್ಲಿ ಸಂಚರಿಸುತ್ತ ಆಗಸ್ಟ್ ತಿಂಗಳಲ್ಲಿ ಚಿಕ್ಕಮಗಳೂರಿಗೂ ಬಂದಿದ್ದರು. ಅವರ ಭಾಷಣಗಳನ್ನು ಮಹಾದೇವ ದೇಸಾಯಿಯವರಂಥ ಸಹಚರರು ಬರೆದಿಟ್ಟುದರಿಂದಲೂ, ಮುಂದೆ ಸಮಗ್ರ ಕೃತಿಗಳ ನೂರು ಸಂಪುಟಗಳು ಹೊರಟುದರಿಂದಲೂ, ಆ ಪ್ರವಾಸದ ಮಾತುಗಳು ಇಂಗ್ಲಿಷಿನಲ್ಲಾದರೂ ಉಳಿದಿವೆ. ಇಂದಿರಾ ಗಾಂಧಿಯವರ ಆಯ್ದ ಭಾಷಣಗಳನ್ನು ಭಾರತ ಸರಕಾರದ ಪ್ರಕಟಣಾ ವಿಭಾಗವು ಐದು ಸಂಪುಟಗಳಲ್ಲಿ ಹೊರತಂದಿದೆ. ಮೂರನೆಯ ಸಂಪುಟವು ೧೯೭೭ರ ಮಾರ್ಚಿಗೆ ನಿಲ್ಲುವುದು. ನಾಲ್ಕನೆಯದು ೧೯೮೦ರ ಜನವರಿಯಿಂದ ಆರಂಭವಾಗುವುದು. ಅಧಿಕಾರದಲ್ಲಿದ್ದಾಗಿನ ವಚನವೇ ವಚನವೆಂಬ ಲೆಕ್ಕದಿಂದ ನಡುವಣ ಮೂರು ವರ್ಷಗಳನ್ನು ಬಿಟ್ಟಿರುವರು. ಚಿಕ್ಕಮಗಳೂರಿನ ಭಾಷಣಗಳು ಬೀಳುವುದು ಸರಿಯಾಗಿ ಈ ಬಿಡುವಿನಲ್ಲಿ. ಕನ್ನಡದ ಭಾಷಾಂತರಕಾರರು ವೇದಿಕೆಯ ಮೇಲೆ ನಿಂತು ಆಡಿದ ಮಾತಂತೂ ಯಾವ ಯೋಜನೆಗೂ ಸೇರಿದ್ದಲ್ಲ. ಪ್ರಜಾವಾಣಿ, ಕನ್ನಡಪ್ರಭ, ಸಂಯುಕ್ತ ಕರ್ನಾಟಕ, ಉದಯವಾಣಿಗಳ ಆ ತಿಂಗಳುಗಳ ಕಡತಗಳಲ್ಲಿ ವರದಿಗಳಿವೆ. ಆದರೆ ವರದಿಗಾರನು ಪತ್ರಿಕೆಯ ಕನ್ನಡಕ್ಕೆ ತಿದ್ದಿ ಬರೆಯುವನೇ ಹೊರತು ಮೈದಾನದಲ್ಲಿ ಕೇಳಿದ್ದನ್ನು ಕೇಳಿದಂತೆ ಬರೆಯುವವನಲ್ಲ. ಆಗ ಸಭೆಯಲ್ಲಿ ಕುಳಿತಿದ್ದ ಇಪ್ಪತ್ತರ ಯುವಕರಿಗೆ ಈಗ ಎಪ್ಪತ್ತರ ಹತ್ತಿರ. ಕೊಪ್ಪ, ಶೃಂಗೇರಿ, ಬಾಳೆಹೊನ್ನೂರುಗಳ ಕಾಲೇಜುಗಳಲ್ಲಿ ಕನ್ನಡ ಬೋಧಿಸುವವರು, ಜಾನಪದಗೀತೆಗಳಿಗಾಗಿ ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳುಹಿಸುವಂತೆಯೇ, ಈ ಮಾತುಗಳಿಗಾಗಿಯೂ ಕಳುಹಿಸಿದರೆ ಕೆಲವು ವರ್ಷಗಳ ಕಾಲವಾದರೂ ಏನಾದರೂ ದೊರೆತೀತು.

ಉಪಚುನಾವಣೆಯ ಫಲವು ಬಹುಕಾಲ ನಿಲ್ಲಲಿಲ್ಲ. ಮಾರುತಿ ಕಂಪೆನಿಯ ವಿಷಯದಲ್ಲಿ ಲೋಕಸಭೆಯ ಪ್ರಶ್ನೆಗೆ ಉತ್ತರ ಸಂಗ್ರಹಿಸುತ್ತಿದ್ದ ಅಧಿಕಾರಿಗಳಿಗೆ ಹಿಂದೆ ತೊಂದರೆ ಕೊಡಲಾಯಿತೆಂಬ ಆರೋಪದ ಮೇಲೆ, ಸಭೆಯು ೧೯೭೮ರ ಡಿಸೆಂಬರ್ ೧೯ರಂದು ಅವರನ್ನು ಹೊರಹಾಕಿ ಸೆರೆಗೆ ಕಳುಹಿಸಿತು. ಒಂದು ವಾರ ಅವರು ತಿಹಾರ್ ಕಾರಾಗೃಹದಲ್ಲಿದ್ದರು. ೧೯೮೧ರ ಮೇ ತಿಂಗಳಲ್ಲಿ ಮುಂದಿನ ಲೋಕಸಭೆಯು ಆ ನಿರ್ಣಯವನ್ನು ರದ್ದುಗೊಳಿಸಿತು. ಅಷ್ಟರಲ್ಲಿ ದೇವರಾಜ ಅರಸರೂ ಅವರೂ ೧೯೭೯ರಲ್ಲಿ ಬೇರೆಯಾಗಿದ್ದರು. ವೀರೇಂದ್ರ ಪಾಟೀಲರು ಮುಂದೆ ಇಂದಿರಾ ಕಾಂಗ್ರೆಸ್ಸಿಗೇ ಸೇರಿ ೧೯೮೯ರಲ್ಲಿ ಎರಡನೆಯ ಬಾರಿ ಮುಖ್ಯಮಂತ್ರಿಗಳಾದರು.

ಆ ಡಿಸೆಂಬರಿನಲ್ಲಿ ಕನ್ನಡಪತ್ರಿಕೆಗಳ ಓದುಗರ ಬಾಯಲ್ಲಿ ತಿರುಗಿದ ಮಾತು ‘ಹಕ್ಕುಚ್ಯುತಿ’. ಅರಬ್ಬಿಯಿಂದ ಬಂದು ಕನ್ನಡವಾದ ಹಕ್ಕಿಗೆ ಸಂಸ್ಕೃತದ ಚ್ಯುತಿಯನ್ನು ಸೇರಿಸಿದ ಈ ಸಮಾಸವನ್ನು ವೈಯಾಕರಣರು ಅ‌ರಿಸಮಾಸವೆಂದು ಬಿಡುವರು. ‘ತುರ್ತುಪರಿಸ್ಥಿತಿ’ಯೂ ಅದೇ ಜಾತಿಯದು. ‘ಹಕ್ಕುಚ್ಯುತಿ’ ಎಂದರೆ ಸಭೆಯ ಹಕ್ಕಿಗೆ ಭಂಗವೆಂದು ಶಾಸನಜ್ಞರು ಅರ್ಥಮಾಡಿದರು. ಆರು ವಾರಗಳ ಹಿಂದೆ ಮತವಿತ್ತ ಮಲೆನಾಡಿಗನು ಆ ಪದದಲ್ಲಿ ಚ್ಯುತಿಹೊಂದಿದ ಹಕ್ಕು ಯಾರದೆಂದು ಕೇಳಿದರೆ, ವ್ಯಾಕರಣವು ಅವನ ವಿರುದ್ಧ ತೀರ್ಪು ಕೊಡಲಾರದು. ಷಷ್ಠೀವಿಭಕ್ತಿಯು ಅಲ್ಲಿ ಲೋಪವಾಗಿದೆ.